ಹಗೇವಿನ ಬಾಯಿಗೆ ಕೂತವನು

ಮಂಗಳೂರು, ತಾಲೂಕು ಯಲಬುರ್ಗಾ
24 ಏಪ್ರಿಲ್ 1939

ಸ್ವಸ್ತಿ ಶ್ರೀಮದ್ ಗಂಗಾವತಿ ಮಹಾಸಂಸ್ಥಾನದ ಸಿಂಹಾಸನಾಧೀಶ್ವರಿಯೂ, ಭತ್ತದ ಚೀಲಗಳ ಸಾಮ್ರಾಜ್ಞಿಯೂ, ಒಂದೇ ಕೂಗಿಗೆ ನೆರೆಮನೆಯ ಬೆಕ್ಕುಗಳನ್ನು ದೇಶಾಂತರ ಅಟ್ಟತಕ್ಕ ಸಿಂಹಕಂಠವುಳ್ಳವರೂ, ಬಾಲ್ಯದಲ್ಲಿ ನನ್ನ ಎಡಗಿವಿಯನ್ನು ಜಗ್ಗಿ ಜಗ್ಗಿ ಬಲಗಿವಿಗಿಂತ ಉದ್ದ ಮಾಡಿದ ಪುಣ್ಯಕೀರ್ತಿಗೆ ಪಾತ್ರರೂ ಆದ ಅಖಂಡ ಸೌಭಾಗ್ಯವತಿ ವಿರೂಪಾಕ್ಷಮ್ಮ ಅಕ್ಕನವರ ದಿವ್ಯ ಸನ್ನಿಧಾನಕ್ಕೆ, ಮಂಗಳೂರು ಗ್ರಾಮದ ಸಮಸ್ತ ಕೆಲಸಗೇಡಿಗಳ ಅಧ್ಯಕ್ಷನಾದ ಕಳಕಪ್ಪನು ಹೊಸ್ತಿಲಾಚೆಯಿಂದಲೇ ಅಡ್ಡಬಿದ್ದು ಅರಿಕೆ ಮಾಡಿಕೊಳ್ಳುವುದೇನೆಂದರೆ:

ಯುಗಾದಿಗೆ ತವರಿಗೆ ಬಂದಾಗ, ಬೇವುಬೆಲ್ಲ ಕೊಡುವ ನೆವದಲ್ಲಿ ತಾವು ನನ್ನ ಕಿವಿಯಲ್ಲಿ (ಉದ್ದನೆಯದರಲ್ಲಿ) ಊದಿದ ರಾಜಕಾರ್ಯವನ್ನು ಮರೆತಿಲ್ಲ. ಮಾಂವನವರು ವರ್ಷಾ ಕಾರಹುಣ್ಣಿಮಿ ಸಮೀಪಿಸಿತೆಂದರೆ ಕಿರಾಣಿ ದುಕಾನಿಗೆ ಬೀಗ ಹಾಕಿ, 'ನೆಲದಾಗಿನ ಹಗೇವು ತೆಗೆಸಿ, ಕೂಡಿಟ್ಟ ಜ್ವಾಳಾ ತರ್ತೀನಿ' ಎಂದು ಹುಟ್ಟೂರು ಬೇವೂರಿಗೆ ಹೋಗುತ್ತಾರೆ. ಮರಳಿ ಬಂದಾಗ ಬಂಡಿಯಲ್ಲಿ ಜೋಳ ಇರುತ್ತದೆ, ಕಣ್ಣಲ್ಲಿ ಮನುಷ್ಯ ಇರುವುದಿಲ್ಲ. ಆಮೇಲೆ ದಿನಗಟ್ಟಲೆ ಗ್ವಾಡಿ ಕಡೆ ಮುಖ ಮಾಡಿ ಮಲಗುತ್ತಾರೆ. ಬೇವೂರಾಗ ಯಾರೋ ಒಬ್ಬಾಕಿ ಅದಾಳ ಅಂತ ನಿನ್ನ ಸಂಶಯ. ಸರಿ. ಸಂಶಯ ಪಡೋದು ಹೆಂಡತಿಯ ಧರ್ಮ, ಬೇಹುಗಾರಿಕೆ ತಮ್ಮನ ಧರ್ಮ.

ಮೊದಲ ತನಿಖೆ ಆಗಲೇ ಮುಗಿದಿದೆ. ಬೇವೂರಿಗೆ ಹೋಗಿ ನಿಮ್ಮತ್ತಿ ಮುದುಕಮ್ಮನವರ ಪಡಸಾಲೆಯಲ್ಲಿ ಕೂತೆ.

"ಅತ್ತಿ, ಮಾಂವ ಇಲ್ಲಿಗೆ ಬಂದ್ರ ಎಲ್ಲೆ ಕುಂದರತಾರ?"

"ಕುಂಡಿ ಮ್ಯಾಲ."

"ಅಲ್ಲಬೇ, ಯಾರ ಮನಿಗೆ ಹೋಗ್ತಾರ ಅಂತ..."

"ನಿಮ್ಮಕ್ಕ ಕಳಿಸ್ಯಾಳೇನು?"

"ಛೇ ಛೇ, ದನಾ ನೋಡಾಕ ಬಂದೀನ್ರಿ."

"ಹಂಗಾರ ಕನ್ನಡಿ ನೋಡ್ಕೊಂಡು ಊರಿಗೆ ನಡಿ."

ಇಷ್ಟಾದರೂ ನನ್ನ ಸೂಕ್ಷ್ಮದೃಷ್ಟಿಗೆ ಒಂದು ಸಿಕ್ಕಿತು. ಎದ್ದು ಹೊರಡುವಾಗ 'ಹಗೇವು' ಅಂದಕೂಡಲೇ ಮುದುಕಿ ಮಡಚುತ್ತಿದ್ದ ವೀಳ್ಯದೆಲೆಯನ್ನು ಅಲ್ಲೇ ಬಿಟ್ಟು ಒಳಗೆ ಹೋದಳು. ಇದರೊಳಗೆ ಏನೋ ಅದ. ಅಪ್ಪಣೆಯಾದರೆ ಮುಂದುವರಿಯುತ್ತೇನೆ.

ತಮ್ಮ ಪಾದಧೂಳಿ,
ಕಳಕಪ್ಪ


ಗಂಗಾವತಿ
3 ಮೇ 1939

ಚಿರಂಜೀವಿ ಕಳಕಪ್ಪಗ ಅಕ್ಕನ ಆಶೀರ್ವಾದ.

ನಿನ್ನ ಸ್ವಸ್ತಿಶ್ರೀ ಓದಿ ಮುಗಿಸೋದರಾಗ ಒಲಿ ಮ್ಯಾಲಿನ ಅನ್ನ ಹೊತ್ತಿತು. ಅಪ್ಪ ನಮಗ ಮನಿಗೆ ಅಯ್ಯನೋರನ್ನ ಕರಿಸಿ ಅಕ್ಷರಾ ಕಲಿಸಿದ್ದು ಇದಕ್ಕೇನು?

ಚ್ಯಾಷ್ಟಿ ಬಿಡು. ನಾ ನಗೋ ಹೊತ್ತಿನಾಗ ಇಲ್ಲ. ನಿನ್ನೆ ಅವರ ಧೋತರಾ ಒಗಿಯಾಕ ತಗೊಂಡೆ. ಚುಂಗಿನಾಗ ಗಂಟು ಇತ್ತು, ಬಿಚ್ಚಿದರ ಅಂಟಂಟಾಗಿ ಕರೀದು ಒಂದು ಮುದ್ದಿ. ಅಫೀಮು. ಊರಾಗ ಹತ್ತು ಮಂದಿ ತಿಂತಾರ, ಅದರಾಗೇನು ಹೊಸಾದು ಅಂತಿ. ನನ್ನ ಮುಂದ ಮುಚ್ಚಿಟ್ಟು ತಿನ್ನೋದು ಯಾಕ? ಅದರ ಕೂಡ ಚೀಲದಾಗ ಹೊಸಾ ಸೀರಿ ಸಿಕ್ಕಿತು, ಕೆಂಪಂಚಿಂದು. ನನಗಲ್ಲ. ಅಂಥ ಅಂಚು ನಾ ಉಡೂದಿಲ್ಲಂತ ಅವರಿಗೆ ಗೊತ್ತೈತಿ. ಕೇಳಿದೆ. "ಊರಾಗ ಒಬ್ಬರಿಗೆ" ಅಂದು ಹೊರಗ ಹೋದರು.

ಕೇಳಿದ್ದಕ್ಕ ಸುಳ್ಳು ಹೇಳಿದ್ರೂ ತಡಕೋತಿದ್ದೆ. ಅರ್ಧ ಹೇಳಿದ್ದು ಭಾಳ ಚುಚ್ಚಾಕತ್ತೈತಿ.

ಅಪ್ಪಗೂ ಹೇಳಿ ಕಳಿಸೀನಿ. ಆ ಒಬ್ಬಾಕಿ ಖರೇ ಆದ್ರ ನಾ ಕೂಸಿನ ಕರಕೊಂಡು ಮಂಗಳೂರಿಗೆ ಬಂದುಬಿಡ್ತೀನಿ, ತಿರುಗಿ ಬರೂದಿಲ್ಲ. ಅದಕ್ಕ ನೀ ಕಣ್ಣಿಲೆ ನೋಡಿದ್ದಷ್ಟ ಬರಿ. ನೀ ನೋಡದ್ದನ್ನ ಬರದಿ ಅಂದ್ರ ಎಡಗಿವಿ ಮತ್ತ ನನ್ನ ಕೈಯಾಗ ಸಿಗತೈತಿ ಅನ್ನೂದು ನೆನಪಿರಲಿ.

ಕೂಸು ಆರಾಮ ಐತಿ. ಹಲ್ಲು ಬರಾಕತ್ತಾವ, ಅಳೂದು ಭಾಳ. ಎಲ್ಲಾರ ಮನಿಯಾಗ ಹಾಕೂಹಂಗ ನಾನೂ ಸಾಸಿವಿಕಾಳಷ್ಟು ಅಫೀಮಿನ ಗುಳಿಗಿ ಹಾಲಿನಾಗ ತೇದು ಹಾಕ್ತೀನಿ, ಸುಮ್ಮ ಮಲಗತೈತಿ. ಅದನ್ನೂ ಅವರ ತಂದುಕೊಡ್ತಾರ.

ವಿರೂಪಾಕ್ಷಮ್ಮ


ಬೇವೂರು
28 ಮೇ 1939

ಮಹಾರಾಣಿಯವರ ಸನ್ನಿಧಾನಕ್ಕೆ ಗುಪ್ತಚಾರ ಕಳಕಪ್ಪನ ವರದಿ.

ಕಣ್ಣಿಲೆ ನೋಡಿದ್ದಷ್ಟೇ ಬರೆಯುತ್ತೇನೆ. 'ಹಗೇವು ತೆಗೆಯಾಕ ಒಂದಾಳು ಕಡಿಮಿ ಐತಂತ, ನಾ ಬಂದೀನಿ' ಎಂದು ಹೇಳಿ ನಿಮ್ಮತ್ತೆಯ ಮನೆಯಲ್ಲಿ ಬೀಡುಬಿಟ್ಟಿದ್ದೇನೆ. ಮಾಂವ ನಿನ್ನೆ ಬಂದರು. ನನ್ನನ್ನು ನೋಡಿ ಖುಷಿಯೂ ಪಡಲಿಲ್ಲ, ಬೇಜಾರೂ ಪಡಲಿಲ್ಲ. "ಯಾಕ ಬಂದಿಯೋ?" ಅಂದರು. "ನಿಮ್ಮ ಸೇವಾಕ್ಕ" ಅಂದೆ. ಅವರಿಗೂ ನನ್ನ ಮೇಲೆ ಸಂಶಯ. ಅತ್ತಿಗಂತೂ ಮೊದಲಿಂದ ಇದ್ದೇ ಇತ್ತು. ಈ ಮನೆಯಲ್ಲಿ ಈಗ ಎಲ್ಲರೂ ಒಬ್ಬರನ್ನೊಬ್ಬರು ಓರೆಗಣ್ಣಲ್ಲಿ ನೋಡುತ್ತ ಒಂದೇ ಬುಟ್ಟಿಯ ರೊಟ್ಟಿ ತಿನ್ನುತ್ತಿದ್ದೇವೆ.

ಸಂಜೀಗೆ ಮಾಂವ ಚೀಲ ಬಗಲಿಗಿಟ್ಟುಕೊಂಡು ಹೊರಟರು. ನಾನು ಬೆನ್ನತ್ತಿದೆ. ಊರಾಚೆ ಕೂಲಿಮಂದಿಯ ಗುಡಿಸಲ ಸಾಲಿನಲ್ಲಿ ಕಡೇದರ ಮುಂದೆ ನಿಂತರು. ಒಬ್ಬಾಕಿ ಹೊರಗೆ ಬಂದಳು. ಬಣವೆಯ ಮರೆಯಿಂದ ಮುಖ ಕಾಣಲಿಲ್ಲ, ತಲೆ ತುಂಬ ಸೆರಗು. ಕೆಂಪಂಚಿನ ಸೀರೆ ಕೊಟ್ಟರು. ಆಕಿ ಬೇಡ ಬೇಡ ಅನ್ನುತ್ತಲೇ ತಗೊಂಡಳು. ಆಮೇಲೆ ಅಕ್ಕಾ, ಆಕಿ ಮಾಂವನ ತಲೆಯ ಮೇಲೆ ಕೈಯಿಟ್ಟು ಸವರಿದಳು. ಮಾಂವ ಹೊಸ್ತಿಲ ಮೇಲೆ ಕುಸಿದು ಕೂತರು. ಹೆಸರು ಹೊಳಿಯಮ್ಮ ಅಂತ ದಾರಿಯ ಹುಡುಗರಿಂದ ತಿಳಿಯಿತು. ವಯಸ್ಸಿನ ವಿಷಯದಲ್ಲಿ ತನಿಖೆ ನಡೆದಿದೆ.

ಇನ್ನೊಂದು. ಹಗೇವು ತೆಗೆಯುವ ದಿನ ಮಾಂವ ಎಂದೂ ಮನೆಯಲ್ಲಿ ಇರುವುದಿಲ್ಲವಂತೆ, ಕುಷ್ಟಗಿಗೆ ಹೋಗಿಬಿಡುತ್ತಾರಂತೆ. ಈ ಸಲ ಹೋಗಗೊಡುವುದಿಲ್ಲ. ನನ್ನ ಉಪಾಯ ಕೇಳು.

ಮೊನ್ನೆ ಬಾಯಿಕಲ್ಲು ಸರಿಸಿ ಹಗ್ಗಕ್ಕೆ ದೀಪ ಕಟ್ಟಿ ಇಳಿಸಿದರು. ಅರ್ಧಕ್ಕೇ ಆರಿತು, ಕೆಟ್ಟ ಗಾಳಿ. ಹಾಗೇ ತೆರೆದಿಟ್ಟರು. ಇವತ್ತು ದೀಪ ತಳದವರೆಗೂ ಉರಿಯಿತು, ನಾಳೆ ಇಳಿಯಬಹುದು. ನಮ್ಮೂರಲ್ಲಿ ಇರುವ ಹಾಗೇ ಇಲ್ಲೂ ಪದ್ಧತಿ: ಒಬ್ಬ ಕೆಳಗೆ ಇಳಿದು ಬುಟ್ಟಿಗೆ ಜೋಳ ತುಂಬಬೇಕು, ಒಬ್ಬ ಬಾಯಿಗೆ ಕೂತು ಅವನ ಹೆಸರು ಹಿಡಿದು ಕರೆಯುತ್ತಲೇ ಇರಬೇಕು, ಕೆಳಗಿನವನು 'ಓ' ಅನ್ನುತ್ತಲೇ ಇರಬೇಕು. 'ಓ' ನಿಂತರೆ ಹಗ್ಗ ಜಗ್ಗಬೇಕು.

ನಾಳೆ ಇಳಿಯುವವನು ನಾನು, ಬಾಯಿಗೆ ಕೂಡುವವರು ಮಾಂವ. ನಾನು ನಡುವೆ 'ಓ' ನಿಲ್ಲಿಸುತ್ತೇನೆ. ಗಾಬರಿಯಾಗಿ ಅವರು ಇಳಿದು ಬರುತ್ತಾರೆ. ಹಗೇವಿನೊಳಗೆ ಬಂದ ಮನುಷ್ಯ ಎಲ್ಲಿಗೂ ಓಡಿಹೋಗಲಾರ. ಅಲ್ಲಿ ಜೋಳದ ರಾಶಿಯ ಮೇಲೆ ನ್ಯಾಯಾಧೀಶನಂತೆ ಕೂತು ಕೇಳುತ್ತೇನೆ: "ಯಾರ್ರಿ ಆ ಹೊಳಿಯಮ್ಮ?"

ಇಂಥ ಬುದ್ಧಿ ಯಾರಿಗೆ ಬಂದೀತು? ಶಹಬ್ಬಾಸ್ ಅನ್ನು.

ಕಳಕಪ್ಪ


ಗಂಗಾವತಿ
1 ಜೂನ್ 1939

ಕಳಕಪ್ಪಾ,

ನಿನ್ನ ಪತ್ರ ಇವತ್ತು ಕೈಗೆ ಬಂತು. ಅವರನ್ನ ಹಗೇವಿನ ಬಾಯಿಗೆ ಕೂಡಿಸಬ್ಯಾಡ. ನೀ ಬರದದ್ದು ನಾಳೆ ಅಂತ, ಆ ನಾಳೆ ಹೋಗೇಬಿಟ್ಟೈತಿ. ಆದ್ರೂ ಬರಿಯಾಕತ್ತೀನಿ.

ಒಂದು ಸಂಗತಿ ನಿನಗ ಹೇಳಿದ್ದಿಲ್ಲ. ಮದುವಿಯಾದ ಹೊಸತನಾಗ ಆಟಕ್ಕಂತ ಬಾಗಲಾ ಹಿಂದ ಅಡಗಿ ನಿಂತಿದ್ದೆ. ಅವರು ಬಂದು ಕರದರು, ನಾ ನಗು ತಡಕೊಂಡು ಸುಮ್ಮನಿದ್ದೆ. ಮತ್ತ ಕರದರು. ಆಮ್ಯಾಲ ಕರಿಯೂದು ಬ್ಯಾರೆ ಆತು, ಸಣ್ಣ ಹುಡುಗರು ಕರಿಯೂಹಂಗ. ಹೊರಗ ಬಂದು ನೋಡಿದರ ಗ್ವಾಡಿಗೆ ಬೆನ್ನು ಕೊಟ್ಟು ಕುಂತಿದ್ರು, ಅಂಗೈ ಕಚ್ಚಿ ರಕ್ತಾ ಬಂದಿತ್ತು. ಮುಂದ ಎಷ್ಟೋ ದಿನ ನನ್ನ ಕೂಡ ಮಾತಿಲ್ಲ. ನಾ ಸಿಟ್ಟು ಅಂತ ತಿಳಕೊಂಡಿದ್ದೆ. ಈಗ ನಿನ್ನ ಪತ್ರದಾಗ 'ಓ ನಿಲ್ಲಿಸ್ತೀನಿ' ಅಂತ ಓದಿದಕೂಡಲೇ ಆ ಮುಖಾ ಕಣ್ಮುಂದ ಬಂತು.

ಏನಾತು, ಲಗೂನ ಬರಿ. ಆ ಹೊಳಿಯಮ್ಮನ ಮಾತು ಆಮ್ಯಾಲ.

ಅಕ್ಕ


ಬೇವೂರು
6 ಜೂನ್ 1939

ಅಕ್ಕಾ,

ನಿನ್ನ ಪತ್ರ ನಿನ್ನೆ ಬಂತು. ತಡಾ ಆತು.

ಮಾಂವ ಬದುಕಿ ಅದಾರ. ಇದನ್ನ ಮೊದಲು ಬರದೀನಿ, ಉಳಿದದ್ದನ್ನ ಕುಂತು ಓದು.

ಆವತ್ತು ಅವರು ಕುಷ್ಟಗಿಗೆ ಹೊರಡೋ ಮೊದಲೇ ನಾ ಹಗ್ಗಾ ಸೊಂಟಕ್ಕ ಕಟಗೊಂಡು ನಿಂತೆ. "ಬ್ಯಾರೆ ಯಾರೂ ಇಲ್ಲರಿ, ನೀವ ಕುಂದರಬೇಕು" ಅಂದೆ. ಆಳುಗಳನ್ನ ನಾನೇ ಹೊಲಕ್ಕ ಕಳಿಸಿದ್ದೆ. ಮಾಂವ ಹಗ್ಗದ ಗಂಟು ಎರಡು ಸಲ ಜಗ್ಗಿ ನೋಡಿದರು. "ಓ ಅನ್ನೂದು ಬಿಡಬ್ಯಾಡೋ, ಕಳಕಪ್ಪಾ" ಅಂದರು. ನಾ ಒಳಗೊಳಗೇ ನಕ್ಕೆ.

ಇಳಿದೆ. ಮ್ಯಾಲಿಂದ ಕರದರು, ಓ ಅಂದೆ. ಕರದರು, ಓ ಅಂದೆ. ಬುಟ್ಟಿ ತುಂಬೋತನಾ ಬಿಡದ ಕರದರು, ಉಸುರು ತಗೊಳ್ಳೂದಕ್ಕೂ ಆಸ್ಪದ ಇಲ್ಲದಂಗ. ಆಮ್ಯಾಲ ನಾ ಸುಮ್ಮಾದೆ. ಜ್ವಾಳದ ಮ್ಯಾಲ ಕಾಲು ಚಾಚಿ ಕುಂತೆ. "ಕಳಕಪ್ಪಾ. ಕಳಕಪ್ಪಾ." ಬಾಯಿಗೆ ಕೈ ಇಟಗೊಂಡೆ. ಆಮ್ಯಾಲ ಮ್ಯಾಲಿಂದ ಬಂದ ಹೆಸರು ನಂದಲ್ಲ. "ಗಾಳೆಪ್ಪಾ, ಓ ಅನ್ನೋ, ಗಾಳೆಪ್ಪಾ." ಅದು ಮಾಂವನ ದನಿ ಅಲ್ಲ ಅಕ್ಕಾ, ಹಾಲುಹಲ್ಲಿನ ಹುಡುಗನ ದನಿ. "ಓ! ಓ! ಮಾಂವಾ, ಇಲ್ಲೇ ಅದೀನಿ!" ಅಂತ ಒದರಿದೆ. ಮ್ಯಾಲ ಯಾರೂ ಇದ್ದಿದ್ದಿಲ್ಲ. ಹಗ್ಗ ಹಿಡದು ಹೆಂಗ ಮ್ಯಾಲ ಬಂದೆ ನನಗ ಗೊತ್ತಿಲ್ಲ.

ಊರೆಲ್ಲಾ ಹುಡುಕಿದ್ವಿ. ಕಡೀಗೆ ಬಂಡಿ ಹೊಡಿಯೋ ಹಾಜಿಸಾಬ ಕುಷ್ಟಗಿಯಿಂದ ಕರಕೊಂಡು ಬಂದ. ಅಫೀಮಿನ ದುಕಾನದ ಕಟ್ಟಿ ಮ್ಯಾಲ ಬಿದ್ದಿದ್ರಂತ, ತುಟಿ ನೀಲಿ. "ನಾ ನೋಡಿದಾಗ ಉಸುರು ಎಣಿಸೂಹಂಗ ಇತ್ರಿ, ಮಲಗಗೊಡಬ್ಯಾಡ್ರಿ, ನಡಸ್ರಿ" ಅಂದ ಹಾಜಿಸಾಬ. ಮುಖಕ್ಕ ನೀರು ಹೊಡದು, ಎರಡೂ ಕಡೆ ಹಿಡಕೊಂಡು ಅಂಗಳದಾಗ ತಿರುಗಿಸಿದ್ವಿ. ನಾ ಒಂದು ಕಡೆ ಹಿಡಕೊಂಡಿದ್ದೆ. ಇನ್ನೊಂದು ಕಡೆ ಯಾರು ಗೊತ್ತೇನು? ಹೊಳಿಯಮ್ಮ.

ಅಕ್ಕಾ, ಆಕಿಗೆ ಬಾಯಾಗ ಒಂದು ಹಲ್ಲಿಲ್ಲ. ನಮ್ಮಜ್ಜಿ ಸರೀಕಳು.

ಮಾಂವ ಕಣ್ಣು ಬಿಟ್ಟಮ್ಯಾಲ ಆಕಿ ಕಟ್ಟಿಗೆ ಕುಂತು ನನ್ನನ್ನ ಕರದಳು. "ಕೆಳಗ ಇದ್ದಾಂವ ನೀ ಏನು?" ಅಂದಳು. ಹೂಂ ಅಂದೆ. ಬಡೀತಾಳಂತ ತಿಳದೆ. ಬಡದಿದ್ರ ಛಲೋ ಆಗ್ತಿತ್ತು.

"ನನ್ನ ಮಗಾ ಗಾಳೆಪ್ಪ ಇವರ ಮನಿ ದನಾ ಕಾಯ್ತಿದ್ದ. ಇವನ ಸರೀಕ, ಒಂದು ವರ್ಷ ದೊಡ್ಡಾಂವ. ಆವತ್ತು ಇವರಪ್ಪಗ ಅವಸರ. ದೀಪಾ ಇಳಿಸಲಿಲ್ಲ, ನನ್ನ ಮಗನ್ನ ಇಳಿಸಿದ. ಇವನ್ನ ಬಾಯಿಗೆ ಕೂಡಿಸಿ 'ಕರಕೋಂತ ಇರು' ಅಂದು ಬಂಡಿ ಕಟ್ಟಾಕ ಹೋದ. ನನ್ನ ಮಗಾ ಚ್ಯಾಷ್ಟಿಗಾರ, ನಿನ್ನಂಗ. ಹಿಂದ ಬೇಕಂತ ಓ ಅನ್ನದ ಇವನ್ನ ಅಳಿಸಿ ನಗತಿದ್ದ. ಆವತ್ತೂ ಸುಮ್ಮಾದ. ಇಂವ ಆಟ ಅಂತ ತಿಳದು, 'ಈ ಸಲ ನಾ ಅಳೂದಿಲ್ಲಲೇ' ಅಂತ ನಕ್ಕೋಂತ ಕುಂತ. ಹಗ್ಗಾ ಜಗ್ಗಿದಾಗ ಹೊತ್ತು ಆಗಿಹೋಗಿತ್ತು."

ನನಗ ಆಕಿ ಮ್ಯಾಲೂ ಸಂಶಯ ಬಂತು ಅಕ್ಕಾ. ಇಂಥಾದ್ದನ್ನ ಇಷ್ಟು ತಣ್ಣಗ ಯಾರು ಹೇಳ್ತಾರ? "ಅಜ್ಜಿ, ಇವರಿಗೆ ನೀ ಬೈದಿಲ್ಲೇನು?" ಅಂತ ಕೇಳಿಬಿಟ್ಟೆ.

"ಇವರಪ್ಪಗ ಬೈದೀನಿ, ಅಂವ ಸಾಯೂತನಾ. ಸತ್ತಮ್ಯಾಲೂ ಬೈದೀನಿ. ಏಳು ವರ್ಷದ ಕೂಸಿಗೆ ಏನಂತ ಬೈಲೋ? ಸೀರಿ ಬ್ಯಾಡ ಅಂತೀನಿ. ತಗೊಳ್ಳದಿದ್ರ ಹೊಸ್ತಿಲಾ ಬಿಟ್ಟು ಏಳೂದಿಲ್ಲ."

ಅತ್ತಿ ಬಾಗಿಲಾಗ ನಿಂತು ಕೇಳಾಕತ್ತಿದ್ಲು. ಉಳಿದದ್ದನ್ನ ಆಕಿ ಹೇಳಿದಳು. ಹೆಣಾ ತಗದಮ್ಯಾಲ ಮಾಂವ ನಿದ್ದಿ ಮಾಡಲಿಲ್ಲಂತ. ಗ್ವಾಡಿಗೆ ಬಾಯಿ ಹಚ್ಚಿ 'ಓ ಅನ್ನು, ಓ ಅನ್ನು' ಅಂತ ಒದರತಿದ್ರಂತ. "ನಾ ತಾಯಿ ಅಲ್ಲೇನು? ತೊಟ್ಟಿಲದ ಕೂಸಿಗೆ ಹಾಕೋ ಗುಳಿಗಿ ಮನ್ಯಾಗ ಇತ್ತು, ಅದನ್ನ ತೇದು ಕುಡಿಸಿದೆ. ಮಲಗಿದ. ಮರುದಿನಾ ಮತ್ತ ಒದರಿದ, ಮತ್ತ ಕುಡಿಸಿದೆ. ಬಿಡಿಸಬೇಕಂದಾಗೆಲ್ಲಾ ಆ ದನಿ ಬರತಿತ್ತು. ಹಂಗ ದೊಡ್ಡಾಂವ ಆದ, ಗುಳಿಗೀನೂ ದೊಡ್ಡದಾತು. ಹೇಳಿದ್ರ ಹೆಣ್ಣು ಯಾರು ಕೊಡ್ತಿದ್ರು?"

ಸೀರಿ, ಅಫೀಮು, ಗ್ವಾಡಿ ಕಡೆ ಮುಖಾ, ಎಲ್ಲಾದಕ್ಕೂ ಇದ ಉತ್ತರ. ನೀ ಬ್ಯಾಡಂದದ್ದನ್ನ ನಾ ಮಾಡೀನಿ. ಬೈದು ಬರಿ.

ಕಳಕಪ್ಪ


ಬೇವೂರು
10 ಜೂನ್ 1939

ಅಕ್ಕಾ,

ನೀ ಬೈದರೂ ಬರಿಲಿಲ್ಲ. ಅಪ್ಪನಿಂದ ಮಾತ್ರ ಹೇಳಿಕೆ ಬಂತು: "ಅಫೀಮು ತಿಂದು ಕಟ್ಟಿ ಮ್ಯಾಲ ಬೀಳೋ ಅಳಿಯ ನಮಗ ಬ್ಯಾಡ, 19ನೇ ತಾರೀಖು ಸೋಮವಾರ ಗಂಗಾವತಿಗೆ ಬಂಡಿ ಕಳಸ್ತೀನಿ, ಮಗಳು ಮನಿಗೆ ಬರಲಿ." ಇದು ನಿನ್ನ ಮಾತೋ ಅಪ್ಪನ ಮಾತೋ ತಿಳಿವಲ್ದು.

ನಿರ್ಧಾರ ಮಾಡೋ ಮೊದಲು ಇದೊಂದು ಕೇಳು. ನಿನ್ನೆ ಮುಂಜಾನೆ ಮಾಂವ ಜಳಕಾ ಮಾಡಿ, ವಿಭೂತಿ ಧರಿಸಿ, ಪೂರ್ವಾಭಿಮುಖವಾಗಿ ನಿಂತು ನನ್ನ ಕೈ ಹಿಡಿದು ಹೇಳಿದರು: "ತಮ್ಮಾ, ನಿಮ್ಮಕ್ಕಗ ಬರಿ. ನನ್ನ ಕೂಸಿನ ಆಣೆಗೂ ಇನ್ನು ಮುಂದೆ ಆ ವಿಷವನ್ನು ಮುಟ್ಟುವವನಲ್ಲ. ಆಕಿ ಬಂದು ನನ್ನ ಎದುರಿಗೆ ಕುಂತರೆ ಸಾಕು, ನನ್ನ ಕತ್ತಲೆಯೆಲ್ಲ ಕಳೆಯುವುದು." ಹೇಳುವಾಗ ಕಣ್ಣಲ್ಲಿ ನೀರು ತುಂಬಿತ್ತು. ಅತ್ತಿಯೂ ಅತ್ತಳು. ನಾನೂ.

ಬಾ ಅಕ್ಕಾ.

ಕಳಕಪ್ಪ


ಗಂಗಾವತಿ
14 ಜೂನ್ 1939

ಕಳಕಪ್ಪಾ,

ನಾ ಬರಿಯದ್ದಕ್ಕ ಕಾರಣ ಸಿಟ್ಟಲ್ಲ. ನಿನ್ನ ಆ ದೊಡ್ಡ ಪತ್ರ ಓದಿ ಮುಗಿಸಿದಾಗ ಕೂಸು ಮಲಗಿತ್ತು. ಬಾಯಿ ತಗದು, ಅಳ್ಳಾಡದಂಗ. ಕರದೆ. ಏಳಲಿಲ್ಲ. ಅಲುಗಾಡಿಸಿದೆ, ಆಗ ಕಣ್ಣು ಬಿಡ್ತು. ಗುಳಿಗಿ ಡಬ್ಬಿ ಒಯ್ದು ಒಲಿಗೆ ಹಾಕಿದೆ. ಆಮ್ಯಾಲ ಕೂಸು ಹಗಲೂರಾತ್ರಿ ಅತ್ತಿತು, ಕಾಲು ಝಾಡಿಸಿ, ಮೈಯೆಲ್ಲಾ ಬೆವತು. ಎದಿಗೆ ಹಾಕ್ಕೊಂಡು ಕುಂತೆ. ನೆರಿಮನಿ ಪಕೀರಮ್ಮ ಬಂದು "ಯಾಕ ತಾಯಿ, ಕೂಸಿನ ಕೊಲ್ತೀಯೇನು, ಒಂದು ಗುಳಿಗಿ ಹಾಕಬಾರದ?" ಅಂದಳು. ಕೈ ಡಬ್ಬಿ ಇದ್ದ ಜಾಗಕ್ಕ ಹೋತು. ನಮ್ಮತ್ತಿ ಯಾಕ ಹಾಕಿದಳು ಅನ್ನೂದು ಆಗ ತಿಳೀತು. ಬೈದು ಬರಿಯಾಕ ತಗದ ಕಾಗದಾ ಮಡಚಿಟ್ಟೆ.

ಈಗ ನಿನ್ನ ಆಣೆ ಪತ್ರ. ಮೊದಲ ಸಲ ಓದಿದಾಗ ಅತ್ತೆ. ಎರಡನೇ ಸಲ ಓದಿದಾಗ ನೋಡಿದೆ, ಅವರು ಎಂದೂ ಇಷ್ಟುದ್ದ ಮಾತಾಡಿದ್ದ ನಾ ಕೇಳಿಲ್ಲ. ನಂಬಲೋ ಬ್ಯಾಡೋ? ಅವರ ಮ್ಯಾಲ ಸಂಶಯ ಪಟ್ಟು ಪಟ್ಟು ನನಗ ಅದ ಚಾಳಿ ಬಿದ್ದೈತೇನೋ. ನಿನ್ನ ಮಾತ ನಂಬೇನಿ ಅಂತ ಇಟಗೋ.

ಸೋಮವಾರ ಅಪ್ಪನ ಬಂಡಿ ಬರತೈತಿ. ಆವತ್ತ ಹಾಜಿಸಾಬನ ಬಂಡೀನೂ ಅಲ್ಲಿಂದ ಕಳಿಸು. ಅವರು ಬಿಡ್ತೀನಿ ಅಂದಿದ್ದು ಖರೇ ಆದ್ರ ನಾ ಬೇವೂರಿನ ಬಂಡಿ ಹತ್ತತೀನಿ. ಅಲ್ಲದಿದ್ರ ಮಂಗಳೂರಿಂದು. ಮತ್ತೊಂದು ಕೂಸಿನ ಹಂಗ ಅವರನ್ನ ಎದಿಗೆ ಹಾಕ್ಕೊಂಡು ಕೂಡೋ ಶಕ್ತಿ ನನಗ ಐತೋ ಇಲ್ಲೋ ಅದೊಂದು ಗೊತ್ತಿಲ್ಲ.

ಅಕ್ಕ


ಬೇವೂರು
17 ಜೂನ್ 1939

ಅಕ್ಕಾ,

ಇದನ್ನ ಹಾಜಿಸಾಬನ ಕೈಯಾಗ ಕೊಟ್ಟೀನಿ. ಯಾವ ಬಂಡೀನೂ ಹತ್ತೋ ಮೊದಲು ಓದು.

ಇಲ್ಲಿ ನಡದದ್ದು ಹೇಳ್ತೀನಿ. ಮಾಂವ ಈಗ ಹಗಲೆಲ್ಲಾ ನನ್ನ ಹೆಸರು ಕರೀತಾರ. ಕೆಲಸ ಏನೂ ಇರೂದಿಲ್ಲ, ಸುಮ್ಮ ಕರೀತಾರ. ಕೊಟ್ಟಿಗ್ಯಾಗ ಇರಲಿ, ಬಾವಿ ಮ್ಯಾಲ ಇರಲಿ, ಬಾಯಾಗ ರೊಟ್ಟಿ ಇರಲಿ, ಓ ಅಂತೀನಿ. ಅತ್ತಿ ಮೊದಲ ಸಲ ನನ್ನ ನೋಡಿ ನಕ್ಕಳು: "ದನಾ ನೋಡಾಕ ಬಂದಾಂವಾ, ದನಾನ ಆದೆಲ್ಲೋ, ಬರೇ ಒದರೂದು." ಹೊಳಿಯಮ್ಮ ದಿನಾ ಬಂದು ಕುಂದರತಾಳ. ಬತ್ತಿ ಹೊಸೀತಾಳ. ಮೊನ್ನೆ ಮಾಂವ ತಾವಾಗಿ "ಗಾಳೆಪ್ಪ ಸೀಟಿ ಹೊಡಿಯಾಕ ನನಗ ಕಲಿಸಿದ್ದ" ಅಂದರು. ಆಕಿ ಬತ್ತಿ ಬಿಟ್ಟು "ಹೊಡಿ ನೋಡೂಣು" ಅಂದಳು. ಹೊಡಿಯಾಕ ಬರಲಿಲ್ಲ, ಬರೇ ಗಾಳಿ ಬಂತು. ಇಬ್ಬರೂ ನಕ್ಕರು. ನಾ ಕಣ್ಣಿಲೆ ನೋಡೀನಿ.

ನೀ ಬೇವೂರಿನ ಬಂಡಿ ಹತ್ತಿ ಬಂದ್ರ ಛಲೋ ಆಗತೈತಿ ಅಂತ ನನಗ ಅನಸತೈತಿ. ಹೊರಸಿನ ಹಗ್ಗಾ ಬಿಗಿ ಮಾಡೀನಿ, ಕೂಸಿಗೆ ತೊಟ್ಟಿಲಾ ಕಟ್ಟೀನಿ. ಕತ್ತಲಿ ಕಳೀತೈತಿ, ಜಗತ್ತು ಬೆಳಗತೈತಿ ಅಂತ ಬರಿಯಾಕ ಕೈ ತುರಸತೈತಿ, ಬರಿಯೂದಿಲ್ಲ.

ಅಕ್ಕಾ, ಆಣೆ ಮಾಂವ ಮಾಡಿಲ್ಲ. ಆ ಮುಂಜಾನೆ ಅವರು ನನ್ನ ಕೈ ಹಿಡದದ್ದು ಖರೇ. ಕೇಳಿದ್ದು ಗುಳಿಗಿ. ಕಾಲು ಝಾಡಿಸಿ ಹಲ್ಲು ಕಡಿಯೂದು ನನಗ ನೋಡಾಕ ಆಗಲಿಲ್ಲ. ಕುಷ್ಟಗಿಗೆ ಹೋಗಿ ತಂದುಕೊಟ್ಟಾಂವ ನಾನ.

ಕಳಕಪ್ಪ